ಫಿಟ್ಟರ್ ಬಿಡಿಸಿದ ಪದ

ಫೆಬ್ರುವರಿ 3, ಸೋಮವಾರ. ಸಂಜೆ 6.30

ಗೋಡೌನಿಗೆ ಮೂರು ಲೋಡ್ ಬಂತು. ಎರಡರಲ್ಲಿ ಎಣಿಕೆ ಸರಿ. ಮೂರನೆಯದರಲ್ಲಿ ಒಂದು ಡಬ್ಬಿ ಒಡೆದು ಹಸಿರು ಬಣ್ಣವೆಲ್ಲ ಡೆಲಿವರಿ ಚೀಟಿಯ ಮೇಲೆ. ಚೀಟಿಯನ್ನು ಫ್ಯಾನ್ ಕೆಳಗೆ ಹರಡಿಕೊಂಡು ಕೂತಿದ್ದಾಗ ಫಿಟ್ಟರ್ ಬಂದ. ನಮ್ಮ ಗೋಡೌನಿನ ಶಟರ್, ರ‍್ಯಾಕ್, ಪಂಪು ಎಲ್ಲದರ ರಿಪೇರಿಗೂ ಅವನೊಬ್ಬನೇ. ಕೈಯಲ್ಲಿ ಮಡಚಿದ ಕಾಗದ.

"ಅಕ್ಕ, ಈ ಸಲಾನೂ ಹೋಯ್ತು."

ಸೂಪರ್‌ವೈಸರ್ ಪರೀಕ್ಷೆಯ ಫಲಿತಾಂಶ. ಮೆಷೀನ್ ಪೇಪರಿನಲ್ಲಿ ಎಲ್ಲರಿಗಿಂತ ಮುಂದೆ. ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ.

"ನೂರು ಪದ ಬಾಯಿಪಾಠ ಮಾಡ್ದೆ. ಅವರು ನೂರಾ ಒಂದನೇದು ಕೇಳಿದ್ರು."

ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನಾನಾದರೂ ಏನು, ಕಾಲೇಜಿನ ಮೆಟ್ಟಿಲು ಹತ್ತಿ ಒಂದೇ ವರ್ಷಕ್ಕೆ ಇಳಿದವಳು. ಆದರೂ ಬಾಯಿ ತಪ್ಪಿ ಅಂದುಬಿಟ್ಟೆ, "ಬಾಯಿಪಾಠ ಬೇಡ ಕಣಪ್ಪ. ಪದ ಬಿಚ್ಚೋದು ಕಲಿ. ನೀನು ಪಂಪು ಬಿಚ್ಚಲ್ವಾ, ಹಾಗೆ."

ಈಗ ನಾಳೆಯಿಂದ ಊಟದ ಬಿಡುವಿನಲ್ಲಿ ಪಾಠವಂತೆ. ನನಗೆ ಬೇಕಿತ್ತೇ.

ಫೆಬ್ರುವರಿ 5, ಬುಧವಾರ

ನಮ್ಮವರು ತಮ್ಮ ಬೈಂಡಿಂಗ್ ಅಂಗಡಿಯಿಂದ ಒಂದು ಪುಸ್ತಕ ತಂದರು. ಇಂಗ್ಲಿಷ್ ಪದಗಳ ಬೇರು, ಹಿಂದೆ ಮುಂದೆ ಅಂಟುವ ತುಂಡುಗಳು, ಎಲ್ಲಕ್ಕೂ ಕನ್ನಡದಲ್ಲಿ ವಿವರಣೆ. ಯಾರೋ ಹೊಲಿಯಲು ಕೊಟ್ಟು ವಾಪಸು ಒಯ್ಯದೆ ನಾಲ್ಕು ವರ್ಷವಾಯಿತಂತೆ. ಹೊಸ ರಟ್ಟು ಹಾಕಿದ್ದಾರೆ. "ಮಾಲೀಕ ಬಂದ್ರೆ ಕೊಟ್ಬಿಡ್ಬೇಕು, ಉಪ್ಪಿನಕಾಯಿ ಕೈಲಿ ಮುಟ್ಬೇಡ" ಎಂದರು.

ಪಾಠ ರಟ್ಟಿನ ಪೆಟ್ಟಿಗೆಗಳ ಹಿಂದೆ. ಫಿಟ್ಟರ್ ಜೊತೆ ಸ್ಪೀಡು ಕೂಡ ಬಂದು ಕೂತಳು. ಸ್ಪೀಡು ಎಂದರೆ ಫೋರ್ಕ್‌ಲಿಫ್ಟ್ ಓಡಿಸುವ ಹುಡುಗಿ. ಆಮೆಯಂತೆ ಓಡಿಸುತ್ತಾಳೆ, ಅದಕ್ಕೇ ಆ ಹೆಸರು.

ಮೊದಲು ಕನ್ನಡದಿಂದ ಶುರು ಮಾಡಿದೆ. ಹಾರ ಒಂದೇ. ಮುಂದೆ ಅಂಟಿಸಿದ್ದರಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ.

"ನಂಗೆ ಮೊದಲನೇದು ಒಂದು ಸಾಕು" ಎಂದು ಸ್ಪೀಡು ಡಬ್ಬಿ ಬಿಚ್ಚಿದಳು.

ಇಂಗ್ಲಿಷಿನಲ್ಲೂ ಹಾಗೆಯೇ ಎಂದೆ. ನಡುವೆ ಬೇರು, ಮುಂದೆ ತಲೆ, ಹಿಂದೆ ಬಾಲ. ಬೇರಿಗೆ ಬಾಲ ಎಲ್ಲಿಂದ ಬಂತು ಎಂದು ಸ್ಪೀಡು ಕೇಳಿದಳು. ಫಿಟ್ಟರ್ ಮಾತ್ರ ತಲೆ, ಬೇರು, ಬಾಲ ಎಂದು ಬೆರಳು ಮಡಚಿ ಎಣಿಸುತ್ತಿದ್ದ.

"ಈ ಇಂಗ್ಲಿಷಿಗೆ ತಲೆಬುಡ ಇಲ್ಲ ಅಂದ್ಕೊಂಡಿದ್ದೆ ಅಕ್ಕ. ಇದೆಯಲ್ಲ."

ಫೆಬ್ರುವರಿ 12, ಬುಧವಾರ

'ಅರ್' ಬಾಲದ ಪಾಠ. ನಮ್ಮ 'ಗಾರ' ಇದ್ದಂತೆ. ಕೆಲಸಗಾರ — ವರ್ಕರ್. ಪೇಂಟ್ ಮಾಡುವವನು ಪೇಂಟರ್.

ಫಿಟ್ಟರ್ ತನ್ನ ಅಂಗಿಯ ಜೇಬಿನ ಮೇಲಿದ್ದ ಬ್ಯಾಡ್ಜನ್ನು ತಲೆ ಬಗ್ಗಿಸಿ ನೋಡಿದ. ತುಂಬ ಹೊತ್ತು.

"ಫಿಟ್. ಅರ್." ಮತ್ತೆ, "ಹದಿನಾರು ವರ್ಷದಿಂದ ಎದೆ ಮೇಲೆ ಹಾಕ್ಕೊಂಡು ಓಡಾಡ್ತಿದೀನಿ. ಒಂದಿನಾನೂ ಬಿಡಿಸಿ ನೋಡಿರ್ಲಿಲ್ಲ."

"ಹಾಗಾದ್ರೆ ವಾಟರ್ ಅಂದ್ರೆ ವಾಟ್ ಮಾಡೋನಾ?" — ಸ್ಪೀಡು.

ಎಲ್ಲ ಬಾಲವೂ ಬಾಲವಲ್ಲ ಎಂದೆ. ಹೇಗೆ ಗೊತ್ತಾಗೋದು ಎಂದು ಫಿಟ್ಟರ್ ಕೇಳಿದ. ರೂಢಿಯಿಂದ ಗೊತ್ತಾಗುತ್ತೆ ಎಂದೆ. ಗೊತ್ತಿಲ್ಲದಾಗ ಎಲ್ಲ ಮೇಷ್ಟರೂ ಹೇಳುವ ಮಾತು.

ಆದರೂ ಸುಳ್ಳು ಯಾಕೆ ಬರೆಯಲಿ, ಇವತ್ತು ಖುಷಿಯಾಗಿತ್ತು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಸಾಮಾನು ಎಣಿಸಿದವಳು. ಒಬ್ಬರ ಕೈಗೆ ಏನೋ ಕೊಟ್ಟೆ ಅನ್ನಿಸಿದ್ದು ಇದೇ ಮೊದಲು.

ಫೆಬ್ರುವರಿ 24, ಸೋಮವಾರ

'ಇಲ್ಲ' ಎನ್ನುವ ತಲೆಗಳು. ಅನ್, ಡಿಸ್, ನಾನ್, ಇನ್. ರಟ್ಟಿನ ಮೇಲೆ ದೊಡ್ಡದಾಗಿ ಬರೆದೆ: ಇನ್ ಅಂದರೆ ಇಲ್ಲ. ಇನ್‌ಕಂಪ್ಲೀಟ್ — ಪೂರ್ತಿ ಇಲ್ಲ. ಇನ್‌ಕರೆಕ್ಟ್ — ಸರಿ ಇಲ್ಲ. ಇನ್‌ವಿಸಿಬಲ್ — ಕಾಣುವುದಿಲ್ಲ.

ಹೋದ ವಾರ 'ಸ್ಪೆಕ್ಟ್' ಎಂಬ ಬೇರು ಹೇಳಿಕೊಟ್ಟಿದ್ದೆ, ನೋಡು ಎಂದು. ಫಿಟ್ಟರ್ ತಕ್ಷಣ ಜೋಡಿಸಿದ. "ಹಾಗಾದ್ರೆ ಇನ್‌ಸ್ಪೆಕ್ಟರ್ ಅಂದ್ರೆ ನೋಡದೇ ಇರೋನು."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸ್ಪೀಡುವಿಗೆ ನೆತ್ತಿ ಹತ್ತಿ ನೀರು ಕುಡಿಸಬೇಕಾಯಿತು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಬೆಂಕಿ ಹತ್ತುವ ಸಾಮಾನಿಗೆ ಅಂಟಿಸುವ ಬೆಂಕಿ ಚಿತ್ರದ ಸ್ಟಿಕ್ಕರ್ ರೋಲ್ ಮುಗಿದಿದೆ. ಹೊಸದಕ್ಕೆ ಇವತ್ತು ಎರಡನೇ ಸಲ ಬರೆದುಕೊಟ್ಟೆ. ಮ್ಯಾನೇಜರ್ ಸಹಿ ಇನ್ನೂ ಇಲ್ಲ. ನೋಡೋಣ ಎಂದರು.

ಮಾರ್ಚ್ 3, ಸೋಮವಾರ

ಫಿಟ್ಟರ್ ಈಗ ಕಂಡದ್ದನ್ನೆಲ್ಲ ಬಿಡಿಸುತ್ತಾನೆ. ಡಬ್ಬಿ, ಬಾಗಿಲು, ಲಾರಿಯ ಹಿಂಭಾಗ. ಮನೆಯಲ್ಲಿ ಹೆಂಡತಿ ಬೈಯುತ್ತಾಳಂತೆ — ಸೋಪಿನ ಕವರ್ ಓದುತ್ತ ಸ್ನಾನಕ್ಕೆ ಅರ್ಧ ಗಂಟೆ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 5.45

ಐದು ದಿನ ಬರೆಯಲಾಗಲಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಗುರುವಾರ ಬೆಳಿಗ್ಗೆ ಹೊಸ ಕಂಪನಿಯಿಂದ ಹನ್ನೆರಡು ನೀಲಿ ಡ್ರಮ್ ಬಂತು. ಬಣ್ಣಕ್ಕೆ ಬೆರೆಸುವ ಥಿನ್ನರ್. ನಮಗೆ ಯಾವಾಗಲೂ ಬರುವುದು ಕೆಂಪು ಡಬ್ಬಿಯಲ್ಲಿ, ಬೆಂಕಿ ಚಿತ್ರದೊಂದಿಗೆ. ಇದರ ಮೇಲೆ ಚಿತ್ರವಿಲ್ಲ. ಒಂದು ಕೋಡ್ ನಂಬರು, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಅಷ್ಟೆ. ಅಂಟಿಸಲು ನನ್ನ ಬಳಿ ಸ್ಟಿಕ್ಕರ್ ಇರಲಿಲ್ಲ. ರ‍್ಯಾಕ್ ತುಂಬಿತ್ತು. ಮಧ್ಯಾಹ್ನ ಜಾಗವಾಗುತ್ತದೆ ಎಂದು ಎರಡನೇ ಶಟರಿನ ಪಕ್ಕ ಇಳಿಸಲು ಹೇಳಿದೆ.

ಹನ್ನೊಂದಕ್ಕೆ ಫಿಟ್ಟರ್ ಅದೇ ಶಟರಿನ ಕಂಬಿ ಉಜ್ಜಲು ಕಿಡಿ ಹಾರಿಸುವ ಗ್ರೈಂಡರ್ ತಂದ. ಬೆಂಕಿ ಹತ್ತುವ ಸಾಮಾನು ಹತ್ತಿರ ಇದ್ದರೆ ಮೊದಲು ಸರಿಸಬೇಕು, ಅದು ನಿಯಮ. ಸರಿಸಲಿಲ್ಲ. ನಾನು ನನ್ನ ಮೇಜಿನಲ್ಲಿ ಫೋನಿನಲ್ಲಿದ್ದೆ. ಒಂದು ಡ್ರಮ್ಮಿನ ಬಿರಡೆ ಸಡಿಲವಿತ್ತು, ತಳದಲ್ಲಿ ಒಸರಿತ್ತು. ಯಾರಿಗೂ ಕಂಡಿರಲಿಲ್ಲ.

ಶಬ್ದ ಕೇಳಲಿಲ್ಲ. ಬೆಳಕು ಕಂಡಿತು. ಆಮೇಲೆ ಅವನ ಕೂಗು.

ಸ್ಪೀಡು ಗಾಡಿಯಿಂದ ಹಾರಿ ಬೆಂಕಿ ಆರಿಸುವ ಸಿಲಿಂಡರ್ ಕಿತ್ತುಕೊಂಡು ಬಂದಳು. ಅವಳು ಓಡಿದ್ದನ್ನು ಮೊದಲ ಸಲ ನೋಡಿದೆ. ನಾನು ಮರಳಿನ ಬಕೆಟ್. ಎರಡು ನಿಮಿಷದೊಳಗೆ ಆರಿತು. ಅಷ್ಟರಲ್ಲಿ ಅವನ ಎರಡೂ ಕೈ ಮೊಣಕೈವರೆಗೆ… ಕುತ್ತಿಗೆಯ ಬಲಭಾಗ…

ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಕೈ ಬಗ್ಗೆ ಇನ್ನೂ ಏನೂ ಹೇಳಿಲ್ಲ.

ಅವನು ಯಾಕೆ ಸರಿಸಲಿಲ್ಲ. ನನಗೆ ಅರ್ಥವಾಗುತ್ತಿಲ್ಲ. ಅಷ್ಟು ಹುಷಾರಿನ ಮನುಷ್ಯ.

ಮಾರ್ಚ್ 15, ಶನಿವಾರ. ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಎರಡು ಕೈಗೂ ಬಿಳಿ ಬಟ್ಟೆ, ದಿಂಬಿನ ಮೇಲೆ ಇಟ್ಟಿದ್ದಾರೆ. ಅವನ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದು. ಯೂನಿಫಾರ್ಮಿನಲ್ಲೇ ಬಂದಿದ್ದಳು.

ನಿನ್ನೆ ಮ್ಯಾನೇಜರ್ ಬಂದು ಹೇಳಿಕೆ ಬರೆಸಿಕೊಂಡು ಹೋದರಂತೆ.

"ಲೇಬಲ್ ಓದ್ಲಿಲ್ಲ ಅಂತ ಇವರೇ ಹೇಳಿದ್ದಾರೆ ಅಕ್ಕ. ಸಹಿ ಮಾಡೋಕೆ ಕೈ ಇಲ್ಲ, ಕಾಲಿನ ಹೆಬ್ಬೆಟ್ಟು ಒತ್ತಿಸ್ಕೊಂಡ್ರು." ಅವಳ ದನಿ ತಗ್ಗಿತು. "ಸೋಪಿನ ಕವರೂ ಬಿಡದೆ ಓದೋ ಮನುಷ್ಯ. ಇದನ್ನ ಓದ್ಲಿಲ್ವಂತೆ. ನೀವು ನಂಬ್ತೀರಾ?"

ಅವಳು ಬಟ್ಟಲು ತೊಳೆಯಲು ಹೋದಾಗ ನಾನು ಕೇಳಿದೆ. ಅವನು ಚಾವಣಿ ನೋಡುತ್ತಿದ್ದ.

"ಓದಿದೆ ಅಕ್ಕ. ಬಿಡಿಸಿ ಓದಿದೆ. ಫ್ಲೇಮ್ ಅಂದ್ರೆ ಬೆಂಕಿ, ಪಾಠದಲ್ಲಿ ಬಂದಿತ್ತು. ಏಬಲ್ ಅಂದ್ರೆ ಆಗೋದು. ಮುಂದೆ ಇನ್ ಇತ್ತು."

ಇನ್‌ಫ್ಲ್ಯಾಮಬಲ್.

"ಬೆಂಕಿ ಹತ್ತೋಕೆ ಆಗದ್ದು ಅಂದ್ಕೊಂಡೆ. ನೀಲಿ ಡ್ರಮ್ಮು ಬೇರೆ. ಸದ್ಯ ಸರಿಸೋ ಕೆಲಸ ಇಲ್ಲ ಅಂತ ಖುಷಿನೂ ಆಯ್ತು."

ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಯಾಕೆ ಹಾಗಂತ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ಕಲಿಸಿದ್ದು ಅಂತ ಕೇಳ್ತಾರೆ. ಇಬ್ಬರದ್ದೂ ಕೆಲಸ ಹೋಗುತ್ತೆ. ಒಬ್ಬರದ್ದು ಸಾಕು."

ಹೆಂಡತಿ ವಾಪಸು ಬಂದಳು. ನಾನು ಹವಾ ಸೆಕೆ ಎಂದೇನೋ ಮಾತಾಡಿದೆ. ಹೇಗೆ ಬಸ್ ಹತ್ತಿದೆನೋ ನೆನಪಿಲ್ಲ.

ಮಾರ್ಚ್ 19, ಬುಧವಾರ. ಬೆಳಿಗ್ಗೆ

ನಾಲ್ಕು ದಿನ ಪುಸ್ತಕ ಮುಟ್ಟುವ ಧೈರ್ಯವಾಗಿರಲಿಲ್ಲ. ಇವತ್ತು ತೆರೆದೆ. ಐವತ್ತೆರಡನೇ ಪುಟ. ಇನ್ — ಇಲ್ಲ, ಅಲ್ಲ. ಉದಾಹರಣೆಗಳು. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:

'ಇದೇ ರೂಪದ ಇನ್ನೊಂದು ಇನ್ ಉಂಟು. ಅದರ ಅರ್ಥ ಒಳಗೆ, ಒಳಕ್ಕೆ. ಎರಡನ್ನೂ ಬೆರೆಸಬಾರದು.'

ಅಲ್ಲೇ ಇತ್ತು. ಮೊದಲಿನಿಂದಲೂ ಇತ್ತು. ದೊಡ್ಡಕ್ಷರ ಓದಿ ಕಲಿಸಲು ಹೋದೆ. ಸಣ್ಣಕ್ಷರ ನಾಳೆ ಎಂದುಕೊಂಡೆ.

ಬೆಂಕಿಯೊಳಕ್ಕೆ. ಉರಿ ಹತ್ತಿಸು. ಇನ್‌ಫ್ಲ್ಯಾಮಬಲ್ ಎಂದರೆ ಬೇಗ ಹೊತ್ತಿಕೊಳ್ಳುವುದು. ಇನ್‌ಸ್ಪೆಕ್ಟರ್ ಎಂದರೆ ಒಳಹೊಕ್ಕು ನೋಡುವವನು. ಅವತ್ತು ಫಿಟ್ಟರ್ ತಮಾಷೆಯಲ್ಲೇ ನನ್ನ ತಪ್ಪನ್ನು ನನ್ನ ಮುಂದೆ ಹಿಡಿದಿದ್ದ. ನಾನು ನಕ್ಕು ಡಬ್ಬಿ ಮುಚ್ಚಿದೆ.

ಯೋಚಿಸಿದಷ್ಟೂ ವಿಚಿತ್ರ. ಎರಡೇ ಅಕ್ಷರ. ಒಂದು ಕಡೆ ಬಾಗಿಲು ಹಾಕುತ್ತದೆ, ಇನ್ನೊಂದು ಕಡೆ ಬಾ ಒಳಗೆ ಎನ್ನುತ್ತದೆ. ಮುಖ ನೋಡಿದರೆ ಅವಳಿ ಜವಳಿ. ಹುಟ್ಟಿದ ಮನೆಯೇ ಬೇರೆ.

ಅದೇ ದಿನ, ಸಂಜೆ 8

ನಮ್ಮವರಿಗೆ ಎಲ್ಲ ಹೇಳಿದೆ. ಒಂದು ಹಳೇ ಡೈರಿಗೆ ಹೊಲಿಗೆ ಹಾಕುತ್ತಿದ್ದರು. ಸೂಜಿ ನಿಲ್ಲಿಸಲಿಲ್ಲ.

"ಸೋಮವಾರ ಹೆಡ್ ಆಫೀಸಿಂದ ಸೇಫ್ಟಿ ಆಫೀಸರ್ ಬರ್ತಾರೆ. ಅವನ ಬೇಜವಾಬ್ದಾರಿ ಅಂತ ತೀರ್ಮಾನ ಆದ್ರೆ ಕೆಲಸದಿಂದ ತೆಗೀತಾರೆ" ಎಂದೆ.

"ನೀನು ಹೇಳಿದ್ರೆ?"

"ನನ್ನನ್ನೂ ತೆಗೀಬಹುದು."

"ನಿನಗಿನ್ನೂ ಎಂಟು ವರ್ಷ ಸರ್ವೀಸ್ ಇದೆ." ಅಷ್ಟೇ ಅಂದರು. ಬೇಡ ಅನ್ನುತ್ತಿದ್ದಾರೋ, ಲೆಕ್ಕ ಮಾತ್ರ ಹೇಳಿದರೋ, ಕೇಳಲಿಲ್ಲ.

ಮಾರ್ಚ್ 24, ಸೋಮವಾರ. ಸಂಜೆ 7

ಬೆಳಿಗ್ಗೆ ಬ್ಯಾಗು ಭಾರ ಅನ್ನಿಸಿತು. ತೆರೆದರೆ ಪುಸ್ತಕ. ಐವತ್ತೆರಡನೇ ಪುಟದಲ್ಲಿ ಕೆಂಪು ದಾರ. ನಮ್ಮವರು ಆಗಲೇ ಅಂಗಡಿಗೆ ಹೊರಟುಹೋಗಿದ್ದರು.

ಸೇಫ್ಟಿ ಆಫೀಸರ್ ನರೆಗೂದಲಿನ ಹೆಂಗಸು. ಪೆನ್ನಿಗಿಂತ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ. ಮ್ಯಾನೇಜರ್ ಫೈಲ್ ಓದಿದರು: ಕಾರ್ಮಿಕನು ಲೇಬಲ್ ಓದಲಿಲ್ಲವೆಂದು ಒಪ್ಪಿಕೊಂಡಿದ್ದಾನೆ.

"ಅದು ಸುಳ್ಳು" ಎಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ. "ಓದಿದಾನೆ ಮೇಡಂ. ನಾನು ಕಲಿಸಿದ ಹಾಗೇ ಓದಿದಾನೆ. ನಾನು ಕಲಿಸಿದ್ದು ತಪ್ಪು."

ಪುಸ್ತಕ ಮೇಜಿನ ಮೇಲಿಟ್ಟೆ. ಮೇಲಿನ ಅಕ್ಷರ ತೋರಿಸಿದೆ. ಕೆಳಗಿನದೂ ತೋರಿಸಿದೆ.

"ಇದೆಲ್ಲ ಈಗ ಯಾಕಮ್ಮ" ಎಂದು ಮ್ಯಾನೇಜರ್ ಎದ್ದರು. ಆಫೀಸರ್ ಕೈಸನ್ನೆ ಮಾಡಿ ಕೂರಿಸಿದರು.

"ನೀವು ಇಂಗ್ಲಿಷ್ ಟೀಚರಾ?"

"ಅಲ್ಲ."

"ಮತ್ತೆ ಯಾಕೆ ಕಲಿಸೋಕೆ ಹೋದ್ರಿ?"

"ಅವನು ಕೇಳಿದ. ನನಗೆ ಗೊತ್ತಿದೆ ಅಂದ್ಕೊಂಡೆ."

ಅವರು ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ಪಕ್ಕದ ಕೋಣೆಯಿಂದ ಅಕೌಂಟ್ಸಿನವನನ್ನು ಕರೆಸಿದರು. ಡ್ರಮ್ಮಿನ ಲೇಬಲ್ ಕೈಗೆ ಕೊಟ್ಟು, ಏನರ್ಥ ಎಂದು ಕೇಳಿದರು. ಡಿಗ್ರಿ ಆದವನು. ಟೈ ಸರಿ ಮಾಡಿಕೊಂಡು ಹೇಳಿದ, "ಬೆಂಕಿ ಹತ್ತಲ್ಲ ಅಂತ ಅಲ್ವಾ ಮೇಡಂ?"

ಎಲ್ಲರೂ ಅವನತ್ತ ತಿರುಗಿದರು. ಪಾಪ, ಅವನು ತಾನೇನು ತಪ್ಪು ಮಾಡಿದೆ ಎಂದು ಎಲ್ಲರ ಮುಖ ನೋಡಿದ.

"ನೀವಿಬ್ಬರೇ ಮೊದಲಿನವರಲ್ಲ" ಎಂದರು ಆಫೀಸರ್, ನನ್ನ ಕಡೆ ತಿರುಗಿ. "ಜನ ಹೀಗೇ ಓದ್ತಾರೆ ಅಂತಾನೇ ಎಷ್ಟೋ ಕಡೆ ಈಗ ಆ ಇನ್ ತೆಗೆದುಹಾಕಿ ಬರೀ ಫ್ಲ್ಯಾಮಬಲ್ ಅಂತ ಬರೀತಾರೆ. ಚಿತ್ರಾನೂ ಅದಕ್ಕೇ ಇರೋದು. ಚಿತ್ರ ಎಲ್ಲಿ?"

ಸ್ಟಿಕ್ಕರಿಗೆ ನಾನು ಬರೆದುಕೊಟ್ಟ ಎರಡು ಚೀಟಿಯ ನಕಲು ತೋರಿಸಿದೆ. ಮ್ಯಾನೇಜರ್ ಕಿಟಕಿಯಾಚೆ ನೋಡತೊಡಗಿದರು.

ಏಪ್ರಿಲ್ 2, ಬುಧವಾರ

ಆದೇಶ ಬಂತು. ಫಿಟ್ಟರನ ತಪ್ಪಿಲ್ಲ. ಕೆಲಸ ಉಳಿಯಿತು. ಸ್ಟಿಕ್ಕರ್ ತಡೆದದ್ದಕ್ಕೆ ಮ್ಯಾನೇಜರಿಗೆ ವರ್ಗ. ಗುರುತಿಲ್ಲದ ಡ್ರಮ್ಮನ್ನು ಶಟರ್ ಪಕ್ಕ ಇಳಿಸಿದ್ದಕ್ಕೆ, ಅನುಮತಿಯಿಲ್ಲದೆ ಪಾಠ ಮಾಡಿದ್ದಕ್ಕೆ ನನಗೆ ಮೆಮೋ. ಎರಡೂ ನಿಜ. ಸಹಿ ಹಾಕಿ ತೆಗೆದುಕೊಂಡೆ.

ಸುದ್ದಿ ಹೇಳಲು ಫಿಟ್ಟರನ ಮನೆಗೆ ಹೋದೆ. ಅವನ ಹೆಂಡತಿಗೆ ಈಗ ಎಲ್ಲ ಗೊತ್ತು. ಬಾಗಿಲಲ್ಲೇ ನಿಂತಳು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ.

"ನೀವು ಕಲಿಸದೇ ಇದ್ದಿದ್ರೆ ಇವರು ಗೊತ್ತಿಲ್ಲ ಅಂತ ಡ್ರಮ್ ಸರಿಸ್ತಿದ್ರು" ಎಂದಳು.

ಅವಳ ಮಾತು ನಿಜ. ಏನೂ ಗೊತ್ತಿಲ್ಲದವನಿಗೆ ಇರುವ ಭಯವನ್ನು ಅರ್ಧ ಗೊತ್ತಿರುವವನಿಂದ ನಾನು ಕಿತ್ತುಕೊಂಡಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಾಫಿ ಕೊಟ್ಟಳು. ಲೋಟ ನನ್ನ ಕೈಗೆ ಕೊಡದೆ ಸ್ಟೂಲ್ ಮೇಲಿಟ್ಟಳು.

ಮೇ 26, ಸೋಮವಾರ

ಫಿಟ್ಟರ್ ಇವತ್ತು ಕೆಲಸಕ್ಕೆ ಬಂದ. ಎರಡು ಕೈಗೂ ಚರ್ಮದ ಬಣ್ಣದ ಬಿಗಿ ಗ್ಲೌಸ್. ಬೆರಳು ಅರ್ಧ ಮಡಚುತ್ತವೆ, ಪೂರ್ತಿ ಮುಚ್ಚುವುದಿಲ್ಲ. ಸ್ಪ್ಯಾನರ್ ಹಿಡಿಯಲು ಆಗದು. ಸದ್ಯಕ್ಕೆ ಗೇಟಿನ ರಿಜಿಸ್ಟರ್ ನೋಡಿಕೊಳ್ಳುವ ಕೆಲಸ. ಲಾರಿ ನಂಬರು ಬರೆಯಲು ಸ್ಪೀಡು ಸಹಾಯ.

ಊಟದ ಹೊತ್ತಿಗೆ ಪೆಟ್ಟಿಗೆಗಳ ಹಿಂದೆ ಬಂದು ಕೂತ.

"ಮುಂದಿನ ತಿಂಗಳು ಪರೀಕ್ಷೆ. ಫಿಟ್ಟರ್ ಆಗಿರೋಕಂತೂ ಈ ಕೈ ಬಿಡಲ್ಲ. ಸೂಪರ್‌ವೈಸರ್ ಆಗ್ಲೇಬೇಕು. ಪಾಠ ಎಲ್ಲಿಗೆ ನಿಂತಿತ್ತು?"

"ನಂಗೆ ಬರಲ್ಲ ಕಣಪ್ಪ. ಇನ್ನೂ ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಪಂಪು ಬಿಚ್ಚಿದಾಗ ಮೊದಲನೇ ಸಲ ನಾನೂ ಎರಡು ಬೋಲ್ಟು ಮಿಗಿಸಿದ್ದೆ." ಸ್ವಲ್ಪ ತಡೆದು, "ಈ ಸಲ ಸಣ್ಣಕ್ಷರ ಮೊದಲು ಓದೋಣ. ಬಿಡಿಸಿದ ಮೇಲೆ ಸುಮ್ನೆ ನಂಬೋದು ಬೇಡ. ವಾಕ್ಯದಲ್ಲಿ ಕೂರಿಸಿ ನೋಡೋಣ, ಕೂರುತ್ತಾ ಇಲ್ವಾ ಅಂತ."

ಹೊಸ ಮ್ಯಾನೇಜರ್ ಬಳಿ ಅನುಮತಿ ಬರೆಸಿಕೊಂಡೆ. ಈ ಸಲ ಸಹಿ ಇವತ್ತೇ ಸಿಕ್ಕಿತು.

ಜೂನ್ 14, ಶನಿವಾರ. ಸಂಜೆ 5.30

ಪರೀಕ್ಷೆ ಮುಗಿಯಿತು. ಅವನಿಗೆ ಪೆನ್ನು ಹಿಡಿಯಲಾಗದು, ಬರೆಯುವವರು ಬೇಕು. ಸ್ಪೀಡುವಿನ ಅಕ್ಷರ ಅವಳಿಗೇ ತಿಳಿಯುವುದಿಲ್ಲ. ಕೊನೆಗೆ ನಾನೇ. ಕಾವಲಿಗೆ ಬಂದವರು ಮೊದಲೇ ಹೇಳಿದರು — ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ತುಟಿ ಬಿಚ್ಚಬಾರದು, ಹುಬ್ಬು ಏರಿಸಬಾರದು.

ಎಲ್ಲ ಸರಾಗ ಹೋಯಿತು. ಕೊನೆಯ ಭಾಗ: ಗೆರೆ ಎಳೆದ ಪದದ ಅರ್ಥವನ್ನು ನಿಮ್ಮ ಭಾಷೆಯಲ್ಲಿ ಹೇಳಿ. ವಾಕ್ಯದ ತಾತ್ಪರ್ಯ ಇಷ್ಟು: ಹಳೆಯ ಕೆಲಸಗಾರನ ಸಲಹೆ ಇನ್‌ವ್ಯಾಲ್ಯುಬಲ್ ಆಗಿತ್ತು. ಅದೇ ಸಂಜೆ ಮೆಷೀನ್ ಮತ್ತೆ ಓಡಿತು.

ಮತ್ತೆ ಅದೇ ಇನ್. ವ್ಯಾಲ್ಯೂ — ಬೆಲೆ. ಬೆಲೆಯಿಲ್ಲದ್ದು? ಬೆಲೆ ಒಳಗಿರುವುದು? ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ನನ್ನನ್ನು ಕೇಳಿದ್ದರೆ 'ಕೆಲಸಕ್ಕೆ ಬಾರದ್ದು' ಎಂದು ಬರೆಯುತ್ತಿದ್ದೆ.

ಅವನು ಕಣ್ಣು ಮುಚ್ಚಿದ. ಗ್ಲೌಸ್ ಹಾಕಿದ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಕೂತ.

"ವಾಕ್ಯ ಇನ್ನೊಂದ್ಸಲ ಓದಿ."

ಓದಿದೆ. ದನಿಯಲ್ಲಿ ಏನೂ ಸುಳಿವು ಬಾರದಂತೆ ಓದಿದೆ. ಸುಳಿವೇ ಇಲ್ಲದವಳಿಗೆ ಅದೇನು ಕಷ್ಟ.

ಅವನ ತುಟಿ ಅಲ್ಲಾಡಿತು. ತಲೆ, ಬೇರು, ಬಾಲ. ಮತ್ತೆ ಜೋಡಿಸಿದ. ಬೆಲೆ ಕಟ್ಟೋಕೆ… ಆಗದ್ದು. ನಿಧಾನಕ್ಕೆ ಕಣ್ಣು ಬಿಟ್ಟ.

"ಅಮೂಲ್ಯ. ಅಮೂಲ್ಯ ಅಂತ ಬರೀರಿ."

ಬರೆದೆ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆ ಡಿಕ್ಷನರಿ ತೆಗೆದೆ. ಸರಿ. ನೂರಕ್ಕೆ ನೂರು ಸರಿ. ಬೆಲೆಯಿಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಇಲ್ಲ ಎನ್ನುವ ಇನ್ ಅದು, ಆದರೂ ಇಲ್ಲ ಎಂದದ್ದು ಬೆಲೆಗಲ್ಲ, ಬೆಲೆ ಕಟ್ಟುವವರಿಗೆ.

ಅವನಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದಳು. "ಇರಿ ಅಕ್ಕ, ಕಿವಿಗೆ ಹಿಡೀತೀನಿ" ಎಂದಳು. ಮತ್ತೆ ಅಕ್ಕ ಎಂದಳು.

"ಸರಿಯಾಗಿದೆ ಕಣಪ್ಪ" ಎಂದೆ.

ಅವನು ಹೇಳಿದ, "ಒಂದು ಕ್ಷಣ ನಿಮ್ಮ ಮುಖ ನೋಡೋಣ ಅನ್ನಿಸ್ತು ಅಕ್ಕ. ನೋಡ್ಲಿಲ್ಲ."

"ಯಾಕೆ, ಕಾವಲಿನವರು ಬೈತಾರೆ ಅಂತಲಾ?"

"ಇಲ್ಲ. ನಿಮಗೂ ಗೊತ್ತಿಲ್ಲ ಅಂತ ಗೊತ್ತಾಗ್ಬಿಟ್ರೆ ನಂಗೆ ಕೈಕಾಲು ಆಡ್ತಿರ್ಲಿಲ್ಲ."

ನಗು ಬಂತು. ಮೂರು ತಿಂಗಳ ಮೇಲೆ ಬಂದ ನಗು, ನಿಲ್ಲಲಿಲ್ಲ. ನಮ್ಮವರು ಸೂಜಿ ಕೆಳಗಿಟ್ಟು ಏನಾಯ್ತು ಎಂದು ಬಾಗಿಲಿಗೆ ಬಂದರು. ಹೇಳೋಣವೆಂದು ಬಾಯಿ ತೆರೆದರೆ ಕಣ್ಣಲ್ಲಿ…